ಬಾಗಿಲು ಹಾಕದೆ ಕಾಲಿಗೆ ಎಣ್ಣೆ

ರೇಷ್ಮೆ ಹುಳದ ತಟ್ಟೆಗಳಿಂದ ತಿಂದುಳಿದ ಸೊಪ್ಪಿನ ದಂಟು, ಹಿಕ್ಕೆ ಬಳಿದು ಮಂಕರಿ ಬುಟ್ಟಿಗೆ ತುಂಬುತ್ತಿದ್ದೆ. ಡೈರಿಗೆ ಹಾಲು ಹಾಕಿ ಬಂದ ಪಕ್ಕದ ಮನೆಯಾಕೆ ಹುಳದ ಮನೆಯ ಬಾಗಿಲಲ್ಲೇ ನಿಂತು ಕ್ಯಾನು ಕೆಳಗಿಟ್ಟಳು.

"ಅಕ್ಕ, ಡೈರಿ ತಾವ ನಿಂದೇ ಮಾತು ಕಣಕ್ಕ. ನಿನ್ ಗಂಡ ನಿನ್ ಕಾಲು ಒತ್ತುತಾನಂತೆ. ನಿಮ್ಮತ್ತಿಗೆಗೂ ಯಾರೋ ಫೋನ್ ಮಾಡಿ ಹೇಳವ್ರೆ. ಇವತ್ತೇ ಬತ್ತಾವ್ರಂತೆ."

"ಬರ್ಲಿ ಬುಡು. ಒತ್ತುತಾರೆ ಅನ್ನೋದೇನೂ ಸುಳ್ಳಲ್ವಲ್ಲ," ಎಂದೆ. ಬಾಯಿ ಹಾಗಂದಿತು, ಕೈ ಮಾತ್ರ ಬಳಿದ ತಟ್ಟೆಯನ್ನೇ ಮತ್ತೆ ಬಳಿಯುತ್ತಿತ್ತು.

ಅತ್ತಿಗೆ ಎಂದರೆ ನಮ್ಮ ಯಜಮಾನರ ಅಕ್ಕ. ಅವರನ್ನು ವಿರೂಪಾಕ್ಷಿಪುರದ ಕಡೆಗೆ ಕೊಟ್ಟಿದೆ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು. ಅವರು ಹಾಕಿದ ಗೆರೆಯನ್ನು ಇವರು ಎಂದೂ ದಾಟಿದವರಲ್ಲ.

ಇವರು ಬಿಡದಿಯ ಫ್ಯಾಕ್ಟರಿಗೆ ಸೇರಿದ ಮೇಲೆ ಹುಳ, ಹಸು, ಹೊಲ ಎಲ್ಲ ನನ್ನ ತಲೆಗೇ ಬಂದವು. ಜೊತೆಗೆ ಸಕ್ಕರೆ ಕಾಯಿಲೆ. ಪಾದದೊಳಗೆ ಮೆಣಸಿನಕಾಯಿ ಅರೆದು ಮೆತ್ತಿದ ಉರಿ. ಉರಿ ನಿಂತರೆ ಜೋಮು, ಜೋಮು ಬಿಟ್ಟರೆ ಸೂಜಿ ಚುಚ್ಚಿದ ಹಾಗೆ. ಹೊದ್ದಿಕೆ ತಾಗಿದರೂ ಚೀರುವಂತಾಗುತ್ತಿತ್ತು. ರಾಮನಗರದ ಡಾಕ್ಟರು, "ನರ ಸೊರಗಿವೆಯಮ್ಮ. ಮಾತ್ರೆ ಬಿಡಬೇಡಿ. ಎಣ್ಣೆ ಹಾಕಿ ಮೆಲ್ಲಗೆ ತಿಕ್ಕಿಸಿಕೊಳ್ಳಿ. ಶಾಖ ಮಾತ್ರ ಕೊಡಬೇಡಿ, ಸುಟ್ಟರೂ ನಿಮಗೆ ಗೊತ್ತಾಗಲ್ಲ," ಎಂದರು.

ನಾನೇ ತಿಕ್ಕಿಕೊಳ್ಳಲು ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು. ಇದ್ದೊಬ್ಬ ಮಗಳನ್ನು ಮಾಗಡಿಗೆ ಕೊಟ್ಟಾಗಿತ್ತು. ಒಂದು ಸಂಜೆ ದೀಪ ಹಚ್ಚಿ ಗೋಡೆಗೆ ಒರಗಿದ್ದೆ. ಕಂಪನಿ ಬಸ್ಸಿಳಿದು ಬಂದ ಇವರು ಎಳ್ಳೆಣ್ಣೆಯ ಬಟ್ಟಲು ತಂದು ನನ್ನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡರು.

"ಶಿವಶಿವಾ, ನಂಗೆ ಪಾಪ ಸುತ್ತಿಸಬ್ಯಾಡಿ," ಎಂದು ಕಾಲು ಕಿತ್ತುಕೊಂಡೆ.

"ಹಸೀನ ಕೆಚ್ಚಲಿಗೆ ಎಣ್ಣೆ ಸವರಾಕಿಲ್ವಾ? ಅದ್ಕಿಂತ ಕಡೆಯಾ ನೀನು? ಸುಮ್ಕೆ ಕೂತ್ಕೊ."

ಕರು ಹಾಕಿದ ಹಸುವಿನ ಬಾತ ಕೆಚ್ಚಲನ್ನು ನೀವಿ ಅಭ್ಯಾಸವಾದ ಕೈ. ಗಟ್ಟಿಯಾಗಿ ಒತ್ತಲಿಲ್ಲ. ಹಿಮ್ಮಡಿಯಿಂದ ಬೆರಳಿನವರೆಗೆ ಹೆಬ್ಬೆರಳಲ್ಲಿ ನೀವಿದರು, ಒಂದೊಂದು ಬೆರಳನ್ನೂ ಮೆಲ್ಲಗೆ ಎಳೆದು ಬಿಟ್ಟರು. ಸಂದಿಯಲ್ಲಿ ಎಣ್ಣೆ ಉಳಿಯದ ಹಾಗೆ ಬಟ್ಟೆಯಿಂದ ಒರೆಸಿ, ಗಾಯವೇನಾದರೂ ಆಗಿದೆಯೇ ಎಂದು ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿದರು. ಅಂದಿನಿಂದ ಸಂಜೆ ಬಾಗಿಲು ಹಾಕಿಕೊಂಡು ಅದು ದಿನದ ಕೆಲಸವಾಯಿತು; ಕಿಟಕಿಯಲ್ಲಿ ಯಾರು ಇಣುಕಿದರೋ ಕಾಣೆ. ಕಾಯಿಲೆ ವಾಸಿಯಾಯಿತೆಂದು ನಾನು ಹೇಳುವುದಿಲ್ಲ. ಮಾತ್ರೆ ಈಗಲೂ ನುಂಗುತ್ತೇನೆ. ಆದರೆ ಉರಿ ತಗ್ಗಿತು, ನಿದ್ದೆ ಬಂತು. ಬೆಳಗ್ಗೆ ಎದ್ದು ನಿಂತಾಗ ಗಾರೆ ನೆಲ ತಣ್ಣಗಿರುವುದು ಪಾದಕ್ಕೆ ತಿಳಿಯಿತು. ಅಷ್ಟಕ್ಕೇ ದೇವರಿಗೆ ಕೈ ಮುಗಿದೆ.

ಡೈರಿಯ ಮಾತು ಕಿವಿಗೆ ಬಿದ್ದ ಆ ದಿನ ಇವರಿಗೆ ವಾರದ ರಜೆ, ಮನೆಯಲ್ಲೇ ಇದ್ದರು. ಅತ್ತಿಗೆ ಬಂದವರೇ ನೀರೂ ಕುಡಿಯದೆ ದೇವರ ಗೂಡಿನ ಮುಂದೆ ಕೂತು, ಸೆರಗಿನ ಗಂಟು ಬಿಚ್ಚಿ ಕರ್ಪೂರ ತೆಗೆದು ನೆಲದ ಮೇಲಿಟ್ಟರು. ಕರ್ಪೂರ ಹಚ್ಚಿ ಆರಿಸಿ ಆಣೆ ಮಾಡಿದರೆ ನಮ್ಮಲ್ಲಿ ಮುಗಿಯಿತು. ಸಾಯುವ ತನಕ ಮುರಿಯುವ ಹಾಗಿಲ್ಲ.

"ಹೆಂಡ್ರು ಕಾಲು ಮುಟ್ಟಾಕಿಲ್ಲ ಅಂತ ಆಣೆ ಮಾಡ್ಲಾ. ನಮ್ಮೂರ್ಗಂಟ ಬಂದೈತೆ ಮಾತು. ನೀನೇನು ಗಂಡ್ಸಾ, ಇಲ್ಲ ಅವಳ ಮನೆ ಆಳಾ?"

ಇವರು ಅಕ್ಕನ ಮುಖ ನೋಡಿದರು, ಕರ್ಪೂರ ನೋಡಿದರು. ಕೈ ಬೆಂಕಿಪೊಟ್ಟಣದ ಕಡೆಗೆ ಹೋಯಿತು. ಆ ಒಂದು ಕಡ್ಡಿ ಗೀರಿದ್ದರೆ ನನ್ನ ನಿದ್ದೆ, ನಡಿಗೆ ಎರಡೂ ಹೋಗುತ್ತಿದ್ದವು. ಅವರಿಗಿಂತ ಮುಂಚೆ ನಾನೇ ಪೊಟ್ಟಣ ಎತ್ತಿಕೊಂಡೆ.

"ಅತ್ತಿಗೆ, ಭೀಮನ ಅಮಾವಾಸ್ಯೆಗೆ ವರ್ಸಾ ವರ್ಸಾ ಇವ್ರ ಪಾದ ತೊಳ್ದು ಅರಿಸ್ನ ಕುಂಕುಮ ಇಕ್ಕಿವ್ನಿ. ಇವತ್ತು ಇವ್ರು ಆಣೆ ಮಾಡುದ್ರೆ, ಇನ್ಮೇಲೆ ನಾನೂ ಇವ್ರ ಪಾದ ಮುಟ್ಟಾಕಿಲ್ಲ. ಅದೇ ಕರ್ಪೂರದಲ್ಲೇ ನಂದೂ ಆಣೆ ಆಗೋಗ್ಲಿ."

"ಅಯ್ಯೋ, ಮುತ್ತೈದೆ ಬಾಯಲ್ಲಿ ಬರೋ ಮಾತೇನೇ ಇದು! ದೇವ್ರು ಮೆಚ್ಚಾನಾ?"

"ದೇವ್ರನ್ನ ದಿನಾ ಕೇಳ್ತಾನೇ ಇವ್ನಿ. ಅವ್ನು ನಿದ್ದೆ ಕೊಟ್ಟವ್ನೆ. ತಪ್ಪಾಗಿದ್ರೆ ಕೊಡ್ತಿದ್ನಾ? ಮಾತಾಡೋರ್ನ ಕಳ್ಸಿ, ನನ್ ಕಾಲಲ್ಲಿ ಒಂದಿನ ಹುಳದ್ ಮನೇಲಿ ನಿಂತು ನೋಡ್ಲಿ. ಆಮ್ಯಾಕೆ ಆಡ್ಕೊಂಡು ನಗ್ಲಿ."

ಅತ್ತಿಗೆ ಬಾಯಿಗೆ ಸೆರಗು ಹಿಡಿದುಕೊಂಡರು. ನಾನು ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಗ ಇವರು ಎದ್ದರು.

"ಅಕ್ಕ, ಚಿಕ್ಕೋನಾಗಿದ್ದಾಗ ನನ್ ಅಂಗಾಲಿಗೆ ಮುಳ್ಳು ಚುಚ್ಚುದ್ರೆ ತೊಡೆ ಮ್ಯಾಲೆ ಹಾಕ್ಕೊಂಡು ತೆಗೀತಿದ್ಯಲ್ಲ. ಕಿರಿಯೋನ ಕಾಲು, ಮುಟ್ಟಬಾರ್ದು ಅಂತ ಬುಟ್ಟಿದ್ಯಾ?"

ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದರು.

"ಹಗಲೊತ್ತು ಕಣ್ಲಾ! ಬಾಗ್ಲಾದ್ರೂ ಹಾಕ್ಕಳಿ," ಎಂದರು ಅತ್ತಿಗೆ. ಆಣೆಯ ಮಾತು ಎತ್ತಲಿಲ್ಲ.

ಇವರು ಬಾಗಿಲ ಕಡೆ ಹೊರಟರು. "ಬುಡಿ, ತೆಗ್ದೇ ಇರ್ಲಿ," ಎಂದೆ. "ಕದ್ದು ನೋಡೋರ್ಗೆ ಒಸಿ ಸರಿಯಾಗಿ ಕಾಣ್ಲಿ."

ಹೊಸ್ತಿಲಿಗೆ ಎದುರಾಗಿಯೇ ಕಾಲು ಚಾಚಿದೆ. ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದವಳೊಬ್ಬಳು ನಡಿಗೆ ನಿಧಾನ ಮಾಡಿದಳು. "ಏನವ್ವ, ಹೊರೆ ಭಾರ್ವಾ? ಇಳಿಸಿ ಕೂತ್ಕೊಂಡು ನೋಡು," ಎಂದೆ. ತಲೆ ತಗ್ಗಿಸಿ ಓಡಿದಳು. ಇವರು ನಗು ತಡೆಯಲಾರದೆ ಕಿರುಬೆರಳನ್ನು ಜೋರಾಗಿ ಎಳೆದುಬಿಟ್ಟರು.

ಅತ್ತಿಗೆ ಗೋಡೆಯ ಕಡೆ ತಿರುಗಿ ಕೂತರು. ಒಪ್ಪಿದರು ಎಂದು ಸುಳ್ಳು ಹೇಳಲಾರೆ. ಆದರೆ ಚೀಲ ಎತ್ತಿಕೊಂಡು ಬಸ್ಸಿಗೂ ಹೊರಡಲಿಲ್ಲ. ಅದೂ ದೇವರು ಕೊಟ್ಟಿದ್ದೇ ಅಂದುಕೊಂಡೆ. ಇವರು ಪಾದ ಒರೆಸಿದ ಮೇಲೆ ಎದ್ದು, ಕೈ ತೊಳೆದು, ಮೂವರಿಗಾಗುವಷ್ಟು ಮುದ್ದೆಗೆ ಎಸರಿಟ್ಟೆ.