ಡಾಕ್ಟರು ವಾಪಸ್ ಕರೆಯಲಿಲ್ಲ

ಓಡುವ ಮಷಿನ್ ಮೇಲೆ ಅಂಗೈ ಇಟ್ಟರೆ ಸಾಕು, ಒಳಗಿನ ಬೇರಿಂಗ್ ಸವೆದಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿತ್ತು. ಮೇಟಗಳ್ಳಿಯಲ್ಲಿ ಹಳೇ ಲೇತು, ಡ್ರಿಲ್ಲಿಂಗ್ ಮಷಿನ್ ಕೊಂಡು ಮಾರಿಯೇ ನಾನು ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು.

ಆವತ್ತು ಹೂಟಗಳ್ಳಿಯ ಒಂದು ಷೆಡ್ಡಿನಲ್ಲಿ ಲೇತಿನ ಮೇಲೆ ಕೈ ಇಟ್ಟೆ. ನುಣ್ಣಗೆ ಓಡುತ್ತಿದೆ ಅನ್ನಿಸಿತು. "ಒಳ್ಳೇ ಮಾಲು, ತಗೊಂಬುಡಾಣ" ಎಂದೆ. ನನ್ನ ಪಾಲುದಾರ ಸಿದ್ದರಾಜು ನನ್ನ ಮುಖವನ್ನೇ ನೋಡಿದ.

"ಏನಣ್ಣ, ತಮಾಷೆನಾ? ಮೇಲಿಟ್ಟಿರೋ ಸ್ಪ್ಯಾನರೇ ಕುಣೀತಾ ಅದಲ್ಲ!"

ನೋಡಿದೆ. ಸ್ಪ್ಯಾನರ್ ಕುಣಿಯುತ್ತಿತ್ತು. ನನ್ನ ಕೈ ಅದರ ಪಕ್ಕದಲ್ಲೇ ಇತ್ತು.

ಕೈಗೆ ಏನೂ ತಿಳಿದಿರಲಿಲ್ಲ.

ಎಪ್ಪತ್ತರ ಹತ್ತಿರದ ವಯಸ್ಸು, ಜೊತೆಗೆ ಶುಗರ್. ಶುಗರಿಗೆ ಜೋಮು ಹಿಡಿಯುವುದು ಮಾಮೂಲು ಅಂದುಕೊಂಡೆ. ಅಂಗಿ ಗುಂಡಿ ಹಾಕಲು ಆಗದೆ ಹೆಂಡತಿ ಸರೋಜಳ ಮುಂದೆ ಶಾಲೆ ಹುಡುಗನ ಹಾಗೆ ನಿಲ್ಲತೊಡಗಿದೆ. ಕಾಲಿನಿಂದ ಚಪ್ಪಲಿ ಕಳಚಿ ಹಿಂದೆ ಉಳಿದಿರುತ್ತಿತ್ತು; ಯಾರಾದರೂ "ಯಜಮಾನ್ರೇ, ಚಪ್ಲಿ!" ಎಂದು ಕೂಗುವವರೆಗೂ ನಾನು ಬರಿಗಾಲಲ್ಲಿ ನಡೆದೇ ಇರುತ್ತಿದ್ದೆ. ಕತ್ತು ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟು ಹರಿದಂತಾಗುತ್ತಿತ್ತು. ನೋವಿರಲಿಲ್ಲ. ಮೋಸ ಹೋಗಿದ್ದು ಅಲ್ಲೇ. ನೋವಿದ್ದಿದ್ದರೆ ಎಂದೋ ಓಡುತ್ತಿದ್ದೆ. ನಿಮ್ಮ ಮನೆಯ ಹಿರಿಯರು ಗುಂಡಿಗೆ ತಡಕಾಡಿದರೆ, ತೂರಾಡುತ್ತಾ ನಡೆದರೆ, ವಯಸ್ಸಾಯಿತು ಅಂತ ಸುಮ್ಮನಿರಬೇಡಿ. ಒಂದು ಸಲ ಕತ್ತನ್ನೂ ತೋರಿಸಿ.

ಕೊನೆಗೆ ಆಸ್ಪತ್ರೆಗೆ ಹೋದೆ, ಎಂ.ಆರ್.ಐ. ಆಯಿತು. ಸ್ಪೈನ್ ಸರ್ಜನ್ ಹೆಣ್ಣುಮಗಳು, ನನ್ನ ಮಗಳ ವಯಸ್ಸಿನವರು. ಸ್ಕ್ರೀನಿನಲ್ಲಿ ನನ್ನ ಕತ್ತಿನೊಳಗನ್ನು ತೋರಿಸಿದರು. ಸವೆದ ಡಿಸ್ಕು, ಬೆಳೆದ ಮೂಳೆ, ದಪ್ಪಗಾದ ಲಿಗಮೆಂಟು ಎಲ್ಲಾ ಸೇರಿ ಬೆನ್ನುಹುರಿಯನ್ನು ಹಿಸುಕಿದ್ದವು. ನಡುವೆ ಒಂದು ಬಿಳಿ ಮಚ್ಚೆ.

"ಇಲ್ಲಿ ಸ್ಪೈನಲ್ ಕಾರ್ಡಿಗೆ ಪೆಟ್ಟಾಗಿದೆ. ಸರ್ವೈಕಲ್ ಮೈಲೋಪತಿ ಅಂತೀವಿ. ಆಪರೇಷನ್ ಮಾಡಿ ಒತ್ತಡ ತೆಗೀಬೇಕು."

ಮೊದಲ ಮಾತಿಗೇ ಒಪ್ಪಿದವನಲ್ಲ ನಾನು.

"ಸ್ವಲ್ಪ ಕಮ್ಮಿ ಮಾಡಿ ಮೇಡಂ."

"ಫೀಸಾ?"

"ಫೀಸಲ್ಲ, ಆಪರೇಷನ್ನು. ಕತ್ತಿಗೆ ಕಾಲರ್ ಹಾಕ್ಕೋತೀನಿ, ಫಿಸಿಯೋಥೆರಪಿ ಮಾಡ್ಕೋತೀನಿ. ಅಷ್ಟರಲ್ಲೇ ಮುಗಿಸ್ಬುಡಿ."

ಅವರು ನಗಲಿಲ್ಲ. "ಲಕ್ಷಣ ಕಮ್ಮಿ ಇದ್ದು, ಇದ್ದ ಹಾಗೇ ಇದ್ದಿದ್ರೆ ನೋಡ್ಕೊಂಡು ಕಾಯಬಹುದಿತ್ತು. ನಿಮ್ಮದು ಏರ್ತಾ ಇದೆ. ಕಾಲರ್ ಒತ್ತಡ ತೆಗಿಯಲ್ಲ. ಆಪರೇಷನ್ ಮಾಡಿದ್ರೂ ಹೋಗಿರೋದೆಲ್ಲ ವಾಪಸ್ ಬರುತ್ತೆ ಅಂತ ಮಾತು ಕೊಡೋಕಾಗಲ್ಲ. ಉಳಿದಿರೋದನ್ನ ಉಳಿಸೋದು ಮುಖ್ಯ."

ಗ್ಯಾರಂಟಿ ಇಲ್ಲದ ಮಾಲು! ನಮ್ಮ ದಂಧೆಯಲ್ಲಿ ಒಂದು ಪದ್ಧತಿ ಇದೆ. ಮಾತು ಕುದುರದಿದ್ದರೆ "ಬುಡಿ, ಬ್ಯಾಡ" ಅಂದು ಎದ್ದು ಹೊರಡಬೇಕು. ಗೇಟು ದಾಟುವುದರೊಳಗೆ ಮಾರುವವನೇ ಕೂಗಿ ಕರೆಯುತ್ತಾನೆ, ಬೇರೆ ಮಾತು ಶುರುವಾಗುತ್ತದೆ. ನಾನು ಎದ್ದೆ. ಫಿಲ್ಮಿನ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ನಿಧಾನವಾಗಿ ಬಾಗಿಲವರೆಗೆ ನಡೆದೆ. ಕಾರಿಡಾರಿನಲ್ಲಿ ಬೇಕೆಂದೇ ನಿಂತೆ.

ಒಳಗಿಂದ ಕೂಗಿದರು. ಮುಂದಿನ ಪೇಷೆಂಟನ್ನು.

ಇನ್ನೊಬ್ಬ ಸರ್ಜನ್ ಬಳಿ ಹೋದೆ. ಒಂದೆರಡು ಕಡೆ ಮಾತ್ರ ಒತ್ತಿದ್ದರೆ ಸಾಮಾನ್ಯವಾಗಿ ಗಂಟಲ ಕಡೆಯಿಂದ ಹೋಗಿ ಡಿಸ್ಕು ತೆಗೆಯುತ್ತಾರೆ. ನನ್ನ ಹಾಗೆ ಹಲವು ಕಡೆ ಒತ್ತಿದ್ದರೆ ಹೆಚ್ಚಾಗಿ ಹಿಂದಿನಿಂದ ಮೂಳೆ ತೆಗೆದು ಜಾಗ ಮಾಡುತ್ತಾರೆ ಎಂದು ಅವರು ಬಿಡಿಸಿ ಹೇಳಿದರು. ವಯಸ್ಸೊಂದೇ ಅಡ್ಡಿಯಲ್ಲ, ಹಾರ್ಟು, ಶುಗರ್ ಸರಿ ಇರಬೇಕು ಅಷ್ಟೆ ಎಂದರು. ಕೊನೆಗೆ ಅವರೂ ಅದನ್ನೇ ಹೇಳಿದರು: ತಡ ಮಾಡಬೇಡಿ. ಎರಡನೇ ಅಭಿಪ್ರಾಯ ಕೇಳುವುದು ತಪ್ಪಲ್ಲ, ಕೇಳಲೇಬೇಕು. ನಾನು ಕೇಳಿದ್ದು ಅಭಿಪ್ರಾಯವಲ್ಲ, ರಿಯಾಯಿತಿ. ಕತ್ತು ಲಟಕ್ಕನೆ ತಿರುಗಿಸಿ ಸರಿಮಾಡುವವನೊಬ್ಬನ ವಿಳಾಸವೂ ಜೇಬಿನಲ್ಲಿತ್ತು. ಅಂಥವರ ಹತ್ತಿರ ಹೋಗಲೇಬೇಡಿ ಅಂತ ಆ ಸರ್ಜನ್ ಹೇಳಿದ್ದರಿಂದ ಸರೋಜ ಅದನ್ನು ಹರಿದು ಒಲೆಗೆ ಹಾಕಿದಳು.

ಆದರೂ ಆಪರೇಷನ್ ಮುಂದೂಡುತ್ತಲೇ ಇದ್ದೆ. ಒಂದು ದಿನ ಮೇಟಗಳ್ಳಿಯ ಟೀ ಅಂಗಡಿ ಮುಂದೆ ಬಿದ್ದೆ. ಮೆಟ್ಟಿಲಿಗೆ ಕಾಲು ಎತ್ತಿದ್ದೇನೆ ಅಂದುಕೊಂಡೆ. ಕಾಲು ಎದ್ದೇ ಇರಲಿಲ್ಲ. ಹಣೆ ನೆಲಕ್ಕೆ ಬಡಿದು ಕತ್ತು ಹಿಂದಕ್ಕೆ ಬಾಗಿತು. ಕಣ್ಣೆದುರೇ ನನ್ನ ಬಲಗೈ ಬಿದ್ದಿತ್ತು. ಉಂಗುರ ನನ್ನದು. ಕೈ ನನ್ನದಲ್ಲ. ಏಳು ಅಂದೆ, ಏಳಲಿಲ್ಲ. ಕತ್ತಿನ ಕೆಳಗೆ ನಾನು ಎಲ್ಲೂ ಇರಲಿಲ್ಲ.

"ಅಣ್ಣಾ, ಮಾತಾಡಣ್ಣಾ" ಅಂತ ಸಿದ್ದರಾಜು ಅಳುತ್ತಿದ್ದ.

ಸ್ವಲ್ಪ ಹೊತ್ತಿಗೆ ಬೆರಳು ಅಲುಗಿದವು. ನಂತರ ಕಾಲು. ಎಲ್ಲವೂ ಒಂದೊಂದಾಗಿ, ಒಲ್ಲದ ಮನಸ್ಸಿನಿಂದ ಬಂದವು. ಆ ಖಾಲಿ ಮೈಯನ್ನು ಮಾತ್ರ ಇನ್ನೂ ಮರೆಯಲು ಆಗಿಲ್ಲ. ಬೆಳಿಗ್ಗೆ ಎಚ್ಚರವಾದ ಕೂಡಲೇ, ಕಣ್ಣು ಬಿಡುವ ಮುಂಚೆ, ಈಗಲೂ ಮೊದಲು ಹೆಬ್ಬೆರಳು ಅಲುಗಿಸಿ ನೋಡುತ್ತೇನೆ.

ಆಂಬುಲೆನ್ಸಿನಲ್ಲಿ ಅದೇ ಮೇಡಂ ಹತ್ತಿರ ಹೋದೆವು. ದಾರಿಯಲ್ಲಿ ಸರೋಜ ಅಂದಳು: "ಇನ್ನೊಂದ್ ಸಲ ಚೌಕಾಸಿ ಮಾಡುದ್ರೆ ನಾನೇ ನಿಮ್ಮನ್ನ ಗುಜರಿಗೆ ಹಾಕ್ಬುಡ್ತೀನಿ ಕಣ್ರೀ." ಹೇಳುತ್ತಾ ನನ್ನ ಕೈ ಹಿಡಿದಿದ್ದಳಂತೆ. ನನಗೆ ಗೊತ್ತಾಗಲಿಲ್ಲ.

ಹಿಂದಿನಿಂದ ಆಪರೇಷನ್ ಮಾಡಿ, ಸ್ಕ್ರೂ, ರಾಡ್ ಹಾಕಿದರು. ಫಿಸಿಯೋಥೆರಪಿ ಈಗಲೂ ನಡೆಯುತ್ತಿದೆ. ಮೊದಲು ವಾಕರ್, ಈಗ ಕೋಲು. ಕಾಲು ಹಗುರವಾಗಿದೆ, ಬೆರಳು ಅರ್ಧಂಬರ್ಧ. ಯಾರಾದರೂ ವಿಚಾರಿಸಿದರೆ ಹೇಳುತ್ತೇನೆ: ಆಪರೇಷನ್ ಮಾಡಿಸಿದರೆ ಏನಾಗುತ್ತೆ ಅಂತ ಎಲ್ಲರೂ ಕೇಳ್ತಾರೆ, ಮಾಡಿಸದಿದ್ದರೆ ಏನಾಗುತ್ತೆ ಅಂತಲೂ ಕೇಳಿ.

ಒಂದು ಮಾತ್ರ ಹೋಗಿಲ್ಲ, ಹೋಗುವ ಹಾಗೂ ಕಾಣುವುದಿಲ್ಲ. ಕಣ್ಣು ಮುಚ್ಚಿದರೆ ನನ್ನ ಪಾದಗಳು ಮಾಯವಾಗುತ್ತವೆ. ಮುಖಕ್ಕೆ ಸೋಪು ಹಚ್ಚಿದಾಗ ಕಣ್ಣು ಮುಚ್ಚಲೇಬೇಕಲ್ಲ. ಆಗ ಕೆಳಗೆ ನೆಲ ಇರುವುದಿಲ್ಲ. ನಿಂತಿದ್ದೇನೋ ಬೀಳುತ್ತಿದ್ದೇನೋ ತಿಳಿಯುವುದಿಲ್ಲ. ಬಚ್ಚಲಿನ ಗೋಡೆಗೆ ಕಂಬಿ ಹಾಕಿಸಿದ್ದೇನೆ, ಸ್ಟೂಲ್ ಇಟ್ಟಿದ್ದೇನೆ. ಚಿಲಕ ಹಾಕುವುದಿಲ್ಲ. ಹೊರಗೆ ಸರೋಜ ಸೊಪ್ಪು ಬಿಡಿಸುತ್ತಾ ಕೂತಿರುತ್ತಾಳೆ. ನೀರಿನ ಸದ್ದು ನಿಂತ ಕೂಡಲೇ ಕೇಳುತ್ತಾಳೆ:

"ಇದೀರೇನ್ರೀ?"

ಸೋಪಿನ ಕತ್ತಲೆಯೊಳಗೆ ಕಂಬಿ ಹುಡುಕಿ ಹಿಡಿದುಕೊಂಡು ಹೇಳುತ್ತೇನೆ:

"ಇದೀನಿ ಕಣೇ."