ಅತ್ತೆಯೊಂದಿಗೆ ಪೈಪು ಹಾಕಿಸಲು ನಾಗಮಂಗಲಕ್ಕೆ

ಸಂಕ್ರಾಂತಿ ಕಳೆದ ಮೇಲಿನ ಶನಿವಾರ, ಎಂಟೂವರೆಯ ಎಳೆಬಿಸಿಲಿನಲ್ಲಿ ಪಾಲಹಳ್ಳಿಯ ನಮ್ಮ ಮನೆಯಿಂದ ಹೊರಟೆವು. ಕಾರಿನಲ್ಲಿದ್ದವರು ನಾನು ಮತ್ತು ನನ್ನ ಅತ್ತೆ ತಾಯಮ್ಮ, ಇಬ್ಬರೇ. ಹಿಂದಿನ ಸೀಟಿನಲ್ಲಿ ಒಂದು ಚೀಲ ಅವರೆಕಾಯಿ ಇತ್ತು. ಸಿಂಧಘಟ್ಟದಲ್ಲಿರುವ ಅತ್ತೆಯ ತಂಗಿಗೆ ಕಣ್ಣಿನ ಆಪರೇಷನ್ ಆಗಿತ್ತು, ನೋಡಿಕೊಂಡು ಬರಬೇಕಿತ್ತು. ಅದು ಅತ್ತೆಯ ಕೆಲಸ. ನನ್ನ ಕೆಲಸ ಬೇರೆಯೇ ಇತ್ತು.

ನಾನು ಶ್ರೀರಂಗಪಟ್ಟಣದ ಶಾಲೆಯೊಂದರಲ್ಲಿ ಗಣಿತದ ಮೇಡಂ. ಈ ಟರ್ಬೋ ಪೆಟ್ರೋಲ್ ಕಾರು ನನ್ನ ಸಂಬಳದಲ್ಲೇ ಕೊಂಡದ್ದು. ಅದರ ಮೇಲೆ ನನಗಿರುವುದು ಇಷ್ಟವಲ್ಲ, ಹುಚ್ಚು. ಹೋದ ತಿಂಗಳು ಮೈಸೂರಿನಲ್ಲಿ ಸ್ಪ್ರಿಂಗು ಬದಲಿಸಿ ಕಾರನ್ನು ಎರಡು ಬೆರಳು ತಗ್ಗಿಸಿದ್ದೆ. ಈಗ ಇನ್ನೆರಡು ಸಾಮಾನು ಹಾಕಿಸಬೇಕಿತ್ತು: ಗಾಳಿ ಸರಾಗವಾಗಿ ಒಳಗೆ ಬಿಡುವ ಫಿಲ್ಟರು, ಹೊಗೆ ಸರಾಗವಾಗಿ ಹೊರಗೆ ಬಿಡುವ ದಪ್ಪ ಪೈಪು. ನನ್ನ ಗಂಡ ಯೋಗೇಶನಿಗೆ ಹಸುಗಳ ಮೇಲಿರುವ ನಂಬಿಕೆ ಮೆಕ್ಯಾನಿಕ್ಕುಗಳ ಮೇಲಿಲ್ಲ. ಗೇಟು ತೆಗೆಯುವ ಮೊದಲೇ ಷರತ್ತು ಹಾಕಿದ.

"ನೆಟ್ಟಗಿರೋ ಕಾರ ಬಿಚ್ಚುಸ್ತಾ ಇದೀಯ. ಅವ್ವ ಜೊತೇಲ್ ಬತ್ತದೆ, ಎಲ್ಲಾ ನೋಡ್ಕೊತದೆ. ಏನಾರ ಎಡವಟ್ಟಾಯ್ತು ಅಂದ್ರೆ ಕಾರ್ ಮಾರ್ಬುಟ್ಟು ಹಾಲಿಗೊಂದು ಟೆಂಪೋ ತಗಳದೆಯ, ಆಮೇಲೆ ಮಾತಾಡಂಗಿಲ್ಲ."

ಒಪ್ಪಿದೆ. ಒಪ್ಪದಿದ್ದರೆ ಗೇಟು ತೆಗೆಯುತ್ತಿರಲಿಲ್ಲ. ಅತ್ತೆ ಕಾವಲಿಗೆ ಬಂದವರು ಎನ್ನುವುದು ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಪಕ್ಕದ ಬಿಡಿಭಾಗದ ಅಂಗಡಿ ಆಗಷ್ಟೇ ಬಾಗಿಲು ತೆಗೆದಿತ್ತು. ಅಂಗಡಿಯವರು ಕೆಂಪು ಬಣ್ಣದ, ಬುಗುರಿಯಾಕಾರದ ತೆರೆದ ಫಿಲ್ಟರನ್ನು ಮುಂದಿಟ್ಟು, "ಇದ್ನ ಆಕುಸ್ಕೊಳಿ ಮೇಡಂ, ಟರ್ಬೋ ಉಸುರಾಡೋದು ಒಳಗ್ ಕೂತವ್ರಿಗೂ ಕೇಳ್ತದೆ" ಎಂದರು. ನೋಡಲು ಚಂದವಿತ್ತು, ಆಸೆಯೂ ಆಯಿತು. ಆದರೆ ಈಗ ಕಬ್ಬಿನ ಕಾಲ. ಪಾಂಡವಪುರದ ಕಡೆ ಆಲೆಮನೆಗಳ ಬೂದಿ, ಕಬ್ಬಿನ ಒಣ ತರಗಿನ ಧೂಳು ಗಾಳಿಯಲ್ಲೇ ಇರುತ್ತದೆ. ತೆರೆದ ಫಿಲ್ಟರು ಅದನ್ನೆಲ್ಲ ಎಳೆದುಕೊಂಡು ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಹಳೆಯ ಡಬ್ಬಿಯೊಳಗೇ ಕೂರುವ, ತೊಳೆದು ಬಳಸುವ ಫಿಲ್ಟರನ್ನು ಆರಿಸಿ ಅಲ್ಲೇ ಹಾಕಿಸಿಕೊಂಡೆ.

"ಟರ್ಬೋ ಅಂದ್ರೆ ಏನಮ್ಮಿ ಅದು?" ಎಂದು ಅತ್ತೆ ಕೇಳಿದರು.

"ಕಮ್ಮಾರರ ತಿದಿ ಇದ್ದಂಗೆ ಅತ್ತೆ. ಎಂಜಿನ್ನಿಗೆ ಗಾಳಿ ಒತ್ತುತ್ತದೆ."

"ಸರಿ ಬುಡು. ಸಂಬ್ಳ ಊದಾಕೆ ಒಂದು ತಿದಿ ಅನ್ನು."

ಪಾಂಡವಪುರದಲ್ಲಿ ಇಡ್ಲಿ ತಿಂದೆವು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದನ್ನೇ ಹಿಂದಿಕ್ಕುವಾಗ ಕಾಲಿನಲ್ಲಿ, ಕಿವಿಯಲ್ಲಿ ಏನಾದರೂ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂದು ಕಾದೆ. ಫಿಲ್ಟರಿನಿಂದ ಏನೂ ಆಗಿರಲಿಲ್ಲ. ಆಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಕೆ.ಆರ್. ಪೇಟೆ ಮುಟ್ಟಿದಾಗ ಹನ್ನೊಂದು ಗಂಟೆ. ನನಗೆ ಬೇಕಾಗಿದ್ದ ಪೈಪು ಅಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಯುವಕನೊಬ್ಬನ ಹತ್ತಿರ ಇತ್ತು. ಫೋನಿನಲ್ಲಿ ಜಾಹೀರಾತು ನೋಡಿ ಮಾತಾಡಿದ್ದೆ. ನನ್ನದೇ ನಮೂನೆಯ ಕಾರು ಅವನಲ್ಲಿತ್ತಂತೆ. ಕುರ್ಚಿಗಳ ರಾಶಿಯ ಹಿಂದಿನಿಂದ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಪೈಪನ್ನು ಮಗುವನ್ನು ಎತ್ತಿಕೊಂಡು ಬಂದ ಹಾಗೆ ತಂದ.

"ಮದ್ವೆ ಆಯ್ತು ಅಕ್ಕ. ಕಾರ್ ಮಾರ್ಬುಟ್ಟೆ. ಇದ್ನ ಮಾರಾಕೆ ಮಾತ್ರ ಇಲ್ಲೀಗಂಟ ಮನ್ಸು ಬಂದಿರ್ನಿಲ್ಲ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಮದ್ವೆ ಆಗಿ ನೀನ್ ಮಾರ್ತಾ ಇದೀಯ, ಮದ್ವೆ ಆಗಿ ಇವ್ಳು ತಗೊತಾವ್ಳೆ. ಸರಿಯಾಗದೆ ಕಣಪ್ಪ."

ಪೈಪನ್ನು ಬಿಸಿಲಿಗೆ ಹಿಡಿದು ನೋಡಿದೆ. ಬಿರುಕಿರಲಿಲ್ಲ. ಹೊಗೆ ಶುದ್ಧ ಮಾಡುವ ಭಾಗವೂ ಒಳಗೆ ಭದ್ರವಾಗಿತ್ತು. ಅದಿಲ್ಲದ ಪೈಪು ಅಗ್ಗಕ್ಕೆ ಸಿಗುತ್ತದೆ, ಆದರೆ ಹೊಗೆ ತಪಾಸಣೆಯಲ್ಲಿ ಮಾನ ಹೋಗುತ್ತದೆ.

ನಾಗಮಂಗಲದಲ್ಲಿ ಇರ್ಫಾನ್ ಎನ್ನುವವರ ಶೆಡ್ಡು. ಪೈಪು ಜೋಡಿಸುವುದರಲ್ಲಿ ಕೈ ಚೆನ್ನಾಗಿದೆ ಎಂದು ಕೇಳಿದ್ದೆ. ಅವರು ಗುಂಡಿಗಿಳಿದು ಕೆಲಸ ಶುರು ಮಾಡಿದ ಮೇಲೆ ನಾವು ಪಕ್ಕದ ಮೆಸ್ಸಿನಲ್ಲಿ ಮುದ್ದೆ, ಅವರೆಕಾಳಿನ ಸಾರು ಉಂಡು ಬಂದೆವು. ಅತ್ತೆ ಹಳೆಯ ಟೈರಿನ ಮೇಲೆ ಕೂತು, ಬಿಚ್ಚಿದ ಬೋಲ್ಟುಗಳ ಮೇಲೆ ಕಣ್ಣಿಟ್ಟರು. ಮೂರು ಗಂಟೆ ಕಳೆದ ಮೇಲೆ ಇರ್ಫಾನ್ ಮೇಲೆ ಬಂದು ಒಂದು ತಗಡು ತೋರಿಸಿದರು.

"ಮೇಡಂ, ಬಿಸಿ ತಡ್ಯೋ ತಗಡು ಇದು. ಹೊಸ ಪೈಪು ದಪ್ಪ, ಇದು ಕೂರಲ್ಲ. ಪೈಪಿಗೆ ಸುತ್ತೋ ಪಟ್ಟಿ ಬೆಂಗ್ಳೂರಿಂದ ಬರ್ಬೇಕು. ಮುಂದಿನ್ ವಾರ ಬನ್ನಿ, ಸುತ್ಕೊಡ್ತೀನಿ."

"ಅಲ್ಲಿ ತನಕ?"

"ಏನಾಗಲ್ಲ. ಬೇಫಿಕರ್ ಹೋಗಿ."

ಹಳೆಯ ಪೈಪನ್ನೇ ಮತ್ತೆ ಹಾಕಿಸಿಕೊಂಡು ಪಟ್ಟಿ ಬಂದ ಮೇಲೆ ಬರಬಹುದಿತ್ತು. ನನಗೆ ತಾಳ್ಮೆ ಎಲ್ಲಿತ್ತು? ಹೂಂ ಎಂದುಬಿಟ್ಟೆ.

ಊರು ದಾಟಿ ಕಾಲೊತ್ತಿದೆ. ಈ ಸಲ ಸಮಾಧಾನ ಹೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಒತ್ತಿದ ಮೇಲೆ ಒಂದು ಕ್ಷಣ ಯೋಚಿಸಿ ಏಳುತ್ತಿದ್ದ ಕಾರು ಈಗ ಒತ್ತುವ ಮೊದಲೇ ಎದ್ದಂತಿತ್ತು. ಎಷ್ಟು ಖುಷಿಯಾಯಿತೆಂದರೆ ಜೋರಾಗಿ ನಕ್ಕೆ. ಅತ್ತೆ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬೈಯುತ್ತಾರೆ ಎಂದುಕೊಂಡೆ. ಹಿಂದಿಕ್ಕಿದ ಬಸ್ಸನ್ನು ತಿರುಗಿ ನೋಡಿ, "ಅಂಗೇ ಓಗ್ಲಿ ಬುಡು" ಎಂದರು.

ಸಿಂಧಘಟ್ಟಕ್ಕೆ ಹಳ್ಳಿದಾರಿ ಹಿಡಿದೆವು. ಈ ಕಾಲದಲ್ಲಿ ನಮ್ಮ ಕಡೆ ಹಳ್ಳಿದಾರಿಗಳೆಲ್ಲ ಒಕ್ಕಣೆಯ ಕಣಗಳೇ. ಹುರುಳಿ, ರಾಗಿಯನ್ನು ಟಾರಿನ ಮೇಲೆ ಹರಡಿದರೆ ಹೋಗಿಬರುವ ಗಾಡಿಗಳ ಚಕ್ರವೇ ಕಾಳು ಬಿಡಿಸುತ್ತದೆ. ಒಂದು ತಿರುವಿನಾಚೆ ರಸ್ತೆಯ ತುಂಬ ಒಣಗಿದ ಹುರುಳಿ ಬಳ್ಳಿ ಮೊಣಕಾಲುದ್ದ ಹಾಸಿತ್ತು. ನಿಧಾನಕ್ಕೆ ಹಾಯಿಸಿದೆ. ತಗ್ಗಿಸಿದ ಕಾರಿನ ಹೊಟ್ಟೆಗೆ ಬಳ್ಳಿ ಸರಸರ ಉಜ್ಜಿತು.

"ಯಾರೋ ಉಳ್ಳಿ ಉರೀತಾವ್ರೆ" ಎಂದು ಅತ್ತೆ ಹುರುಳಿ ಹುರಿದ ವಾಸನೆಗೆ ಮೂಗರಳಿಸಿದರು.

ಮರುಕ್ಷಣ ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. "ನಿಲ್ಸವ್ವೋ, ಬೆಂಕಿ!" ಎಂದು ಕೂಗುತ್ತಾ ಹೊಲದಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಓಡಿಬಂದರು. ಹುರುಳಿ ಅವರದೇ. ಬೋರೇಗೌಡರು, ಅವರ ಹೆಂಡತಿ. ಎಂಜಿನ್ ಆರಿಸಿ ಅತ್ತೆಯನ್ನು ಇಳಿಸಿದೆ. ನಾಲ್ವರೂ ಸೇರಿ ಕಾರನ್ನು ಹುರುಳಿಯಿಂದಾಚೆ, ಬೇವಿನ ಮರದ ಕೆಳಕ್ಕೆ ತಳ್ಳಿದೆವು. ಬೋರೇಗೌಡರು ಮಲಗಿಕೊಂಡು, ಹುರುಳಿ ಮಗುಚುವ ಕವೆಗೋಲಿನಿಂದ ಪೈಪಿಗೆ ಸುತ್ತಿಕೊಂಡು ಉರಿಯುತ್ತಿದ್ದ ಬಳ್ಳಿಯನ್ನು ಎಳೆದೆಳೆದು ತೆಗೆದರು. ನಾನು ಅದರ ಮೇಲೆ ಮಣ್ಣು ಎರಚಿದೆ. ಅಷ್ಟರಲ್ಲಿ ದಾರಿಯುದ್ದಕ್ಕೂ ಉದುರಿದ್ದ ಕಿಡಿ ಹುರುಳಿಗೆ ಹತ್ತಿತ್ತು. ಅತ್ತೆ ಸೆರಗು ಸಿಕ್ಕಿಸಿ, ಆ ಹೆಂಗಸಿನ ಜೊತೆ ನಿಂತು ಒದ್ದೆ ಗೋಣಿಚೀಲದಿಂದ ಬಡಿದು ಬಡಿದು ಆರಿಸಿದರು.

ಕಾರಿನ ಅಡಿಯ ಪ್ಲಾಸ್ಟಿಕ್ಕು ಕರಗಿ ಜೋತುಬಿದ್ದಿತ್ತು. ಹುರುಳಿಯಲ್ಲಿ ಕಾಲುಭಾಗ ಬೂದಿಯಾಗಿತ್ತು. ಯಾರಿಗೆ ಯಾರು ಬೈಯಬೇಕು?

"ರೋಡಲ್ ಆಕಿದ್ದು ನಮ್ದೂ ತಪ್ಪೇಯ" ಎಂದು ಬೋರೇಗೌಡರು ಬೆವರೊರೆಸಿಕೊಂಡರು.

"ನಾವೂ ಆಕ್ತೀವಿ ಬುಡಪ್ಪ" ಎಂದರು ಅತ್ತೆ. ಅದು ನಿಜ. ಪಾಲಹಳ್ಳಿಯಲ್ಲಿ ನಮ್ಮ ಹುರುಳಿಯನ್ನೂ ರಸ್ತೆಗೇ ಹಾಸುತ್ತೇವೆ.

ಉಳಿದದ್ದನ್ನು ಇನ್ನು ರಸ್ತೆಯಲ್ಲಿ ಬಿಡಲು ಅವರಿಗೆ ಧೈರ್ಯವಿರಲಿಲ್ಲ. ಟ್ರ್ಯಾಕ್ಟರು ಹೊಲದ ಬದುವಿನಲ್ಲೇ ನಿಂತಿತ್ತು, ಓಡಿಸುವ ಮಗ ಮಂಡ್ಯಕ್ಕೆ ಹೋಗಿದ್ದ. ಆ ಹೆಂಗಸು ಬೂದಿಯಲ್ಲಿ ಕಾಳು ಹೆಕ್ಕುತ್ತಿದ್ದುದನ್ನು ನೋಡಿ ನನಗೆ ನಾಚಿಕೆಯಾಯಿತು. ಬೆಳಗೊಳದ ತವರಿನಲ್ಲಿ ಅಪ್ಪನ ಟ್ರ್ಯಾಕ್ಟರು ಓಡಿಸಿ ಬೆಳೆದವಳು ನಾನು. "ಕೀ ಕೊಡಿ" ಎಂದೆ.

ಎಲ್ಲರೂ ಸೇರಿ ಹುರುಳಿಯನ್ನು ಪಕ್ಕದ ಗಟ್ಟಿನೆಲಕ್ಕೆ ಎಳೆದು ಹಾಕಿದೆವು. ಮೊದಲ ಗೇರಿನಲ್ಲಿ ಅದರ ಮೇಲೆ ಸುತ್ತತೊಡಗಿದೆ. ಎರಡು ಸುತ್ತಾದ ಮೇಲೆ ಅಭ್ಯಾಸಬಲದಿಂದ ಕಾಲು ತಾನಾಗಿ ಒತ್ತಿತು. "ನಿಧಾನ ಕಣವ್ವೋ, ಕಾಳು ಒಡ್ದೋಯ್ತವೆ!" ಎಂದು ಬೋರೇಗೌಡರು ಕೂಗಿದರು.

ಬದುವಿನ ಮೇಲೆ ಅತ್ತೆಯ ಪಕ್ಕದಲ್ಲಿಟ್ಟಿದ್ದ ನನ್ನ ಫೋನು ಹೊಡೆದುಕೊಂಡಿತು. ಆ ಹೊತ್ತಿನಲ್ಲಿ ಯೋಗೇಶನಲ್ಲದೆ ಇನ್ಯಾರೂ ಅಲ್ಲ. ಇನ್ನು ಕಾರು ಹೋಯಿತು, ಹಾಲಿನ ಟೆಂಪೋ ಬಂತು ಎಂದುಕೊಂಡೆ. ಅತ್ತೆ ಮಸಿ ಹಿಡಿದ ಕೈಯಲ್ಲೇ ಫೋನೆತ್ತಿ, ಟ್ರ್ಯಾಕ್ಟರಿನ ಸದ್ದಿಗೂ ಮೇಲೆ ಕೇಳುವಂತೆ ಮಾತಾಡಿದರು.

"ಊಂ ಕಣ್ಲಾ, ಆಕುಸ್ಕೊಂಡ್ಳು... ಕಾರಾ? ಕಾರು ನೆಳ್ಳಲ್ ನಿಂತದೆ."

ಒಂದು ಸಲ ಕಾರಿನ ಕಡೆ, ಒಂದು ಸಲ ನನ್ನ ಕಡೆ ನೋಡಿದರು.

"ನಿನ್ನೆಂಡ್ತಿ ಉಳ್ಳಿ ಒಕ್ತಾವ್ಳೆ. ಮುಗಿಯಗಂಟ ಫೋನ್ ಮಾಡ್ಬ್ಯಾಡ."