ಎಡಗಡೆ ಸೀಟಿನ ರಂಗಕ್ಕ

ರಂಗಕ್ಕ ಕಾರು ಹತ್ತುವ ಮೊದಲು ಚಪ್ಪಲಿ ಬಿಟ್ಟು, ಅವನ್ನೊಂದು ಬಟ್ಟೆ ಚೀಲಕ್ಕೆ ಹಾಕಿ, ಹಿಂದಿನ ಸೀಟಿನ ಕೆಳಗೆ ತಳ್ಳುತ್ತಿದ್ದರು. ಮೊದಲ ಸಲ ನೋಡಿದಾಗ ಪಾಠಕ್ಕೆ ಮುಂಚೆ ಏನೋ ಪೂಜೆ ಮಾಡುತ್ತಾರೆ ಎಂದುಕೊಂಡೆ. ಅವರು ಎಡಗಡೆ ಸೀಟಿನಲ್ಲಿ ಕೂತು, ಸೀರೆಯ ನೆರಿಗೆ ಸರಿಮಾಡಿಕೊಂಡು, ಬರಿಗಾಲನ್ನು ತಮ್ಮ ಮುಂದಿದ್ದ ಬ್ರೇಕಿನ ಮೇಲಿಟ್ಟರು. ಕಲಿಸುವವರ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದೆಂದು ನನಗೆ ಗೊತ್ತಾದದ್ದೇ ಆವತ್ತು.

"ಚಪ್ಪಲಿ ಹಾಕ್ಕೊಂಡ್ರೆ ಪಾದಕ್ಕೆ ಏನೂ ತಿಳಿಯಲ್ಲ ಕಣ್ಣು," ಎಂದರು. "ನೀನು ಹೆದರಿದ್ದು ನಂಗೆ ಮೊದ್ಲು ಗೊತ್ತಾಗೋದೇ ಕಾಲಲ್ಲಿ."

ಅವರು ಪ್ರೀತಿಯಿಂದ ಕರೆದರೆ ಎಲ್ಲರೂ ಕಣ್ಣು, ಇಲ್ಲವೇ ಅಮ್ಮಿಣಿ. ಅವು ಆ ಕಡೆಯ ತಮಿಳಿನ ಮಾತುಗಳು. ಉಳಿದ ಮಾತು ಕನ್ನಡವೇ, ಆದರೆ ತಮಿಳಿನ ರಾಗ. ಉಡುಮಲೈಪೇಟೆ ಹತ್ತಿರದ ಒಕ್ಕಲು ಮನೆತನ ಅವರದು. ಎಷ್ಟು ತಲೆಮಾರಿನ ಹಿಂದೆ ಕಾವೇರಿ ದಾಟಿ ಬಂದರೋ ಅವರಿಗೇ ತಿಳಿಯದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ದಾವಣಗೆರೆಯಿಂದ ಕೊಯಮತ್ತೂರಿನ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಪಾಠ ಹೇಳಲು ಬಂದವಳು. ಔಷಧಿ ಅಂಗಡಿಯಲ್ಲಿ ನಾನು ಮಗಳನ್ನು ಕನ್ನಡದಲ್ಲಿ ಗದರುವುದು ಕೇಳಿಸಿಕೊಂಡು ಅವರೇ ತಿರುಗಿ ಮಾತಾಡಿಸಿದರು. ಒಮ್ಮೆ ಅವರ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿದಾಗ ಬಹಳ ಹೊತ್ತು ನೋಡಿ, "ನಮ್ ಭಾಷೆ ನಂಗೆ ಬಾಯಲ್ಲೈತೆ, ಕಣ್ಣಲ್ಲಿಲ್ಲ," ಎಂದರು.

ಅವರು ಡ್ರೈವಿಂಗ್ ಕಲಿತದ್ದು ಗಂಡ ಸತ್ತ ಮೇಲೆ. ಮದುವೆಯಾದಾಗಿನಿಂದ ಗಂಡನ ಪಕ್ಕದ ಸೀಟಿನಲ್ಲಿ ಕೂತು, ಆತ ಕರೆದುಕೊಂಡು ಹೋದಲ್ಲಿಗೆ ಹೋಗಿ ಬಂದವರು. ವೈದಿಕ ಮುಗಿದು ನೆಂಟರೆಲ್ಲ ಹೊರಟ ದಿನ ಮೈದುನ ಬಂದು, "ಒಂಟಿ ಹೆಂಗಸು, ನಿಮಗ್ಯಾಕೆ ಅತ್ತಿಗೆ ಕಾರು, ನಾನು ತಗೊಂಡು ಹೋಗ್ತೀನಿ," ಎಂದು ಬೀಗದ ಕೈಗೆ ಕೈಚಾಚಿದ. ಅದನ್ನು ಕೊಟ್ಟುಬಿಡುವುದೆಂದೇ ಅವರೂ ಎದ್ದಿದ್ದರಂತೆ. "ಯಾಕೋ ಕೈ ಮುಂದೆ ಹೋಗ್ಲಿಲ್ಲ ಅಮ್ಮಿಣಿ. ಇರಲಿ ಬಿಡು ಅಂದೆ. ಅವನು ನಕ್ಕ." ಆ ನಗುವಿಗಾಗಿಯೇ ಡ್ರೈವಿಂಗ್ ಶಾಲೆಗೆ ಸೇರಿದರು. ಅಲ್ಲಿನ ಮೇಷ್ಟ್ರು ಗೇರ್ ತಪ್ಪಿದಾಗಲೆಲ್ಲ ತೊಡೆಯ ಪಕ್ಕ ಸೀಟಿಗೆ ಬಡಿದು ಕೂಗುತ್ತಿದ್ದನಂತೆ. ಲೈಸೆನ್ಸ್ ಕೈಗೆ ಬಂದ ದಿನ, ಹೆಂಗಸರಿಗೆ ಕೂಗದೆ ಕಲಿಸುವ ಒಂದು ಜಾಗ ಬೇಕು ಎಂದುಕೊಂಡರು. ಅದಕ್ಕೆ ಬೇಕಾದ ಅನುಮತಿಗಾಗಿ ಕಚೇರಿಗಳನ್ನು ಅಲೆದು, ಕೊನೆಗೆ ತಮ್ಮ ಮನೆಯ ಗೇಟಿಗೇ ಬೋರ್ಡು ಹಾಕಿದರು.

ಭಾನುವಾರ ನಮ್ಮನ್ನು ಕುರಿಚಿಯ ಕೈಗಾರಿಕಾ ವಸಾಹತಿಗೆ ಕರೆದೊಯ್ಯುತ್ತಿದ್ದರು. ಅಂದು ಫೌಂಡ್ರಿಗಳಿಗೆ ರಜೆ. ಮುಚ್ಚಿದ ಗೇಟುಗಳು, ರಸ್ತೆ ಪಕ್ಕದಲ್ಲಿ ಕರೀ ಮರಳಿನ ಗುಡ್ಡೆ, ಎಲ್ಲೋ ಒಂದು ನಾಯಿ. ಆ ಖಾಲಿ ರಸ್ತೆಯಲ್ಲೂ ನಾನು ಕ್ಲಚ್ಚನ್ನು ತಟ್ಟನೆ ಬಿಟ್ಟುಬಿಡುತ್ತಿದ್ದೆ. ಒಮ್ಮೆ ಹಾಗೇ ಎಂಜಿನ್ ನಿಂತುಹೋಗಿ ಕೂತಿದ್ದಾಗ ಹಿಂದಿನಿಂದ ಬಂದ ಲಾರಿಯವನು ಬಿಡದೆ ಹಾರ್ನ್ ಒತ್ತಿದ. ರಂಗಕ್ಕ ಮಡಿಲಲ್ಲಿದ್ದ ಕೈ ಕೂಡ ಎತ್ತಲಿಲ್ಲ. "ಅದು ಅವನ ಅವಸರ. ನಿನ್ನದಲ್ಲ. ನೀನ್ ಸ್ಟಾರ್ಟ್ ಮಾಡು, ಮೆಲ್ಲಗೆ," ಎಂದರು. ಕಾರಿನಲ್ಲಿ ಮಾತ್ರವಲ್ಲ, ಕಾಲೇಜಿನಲ್ಲೂ ಮನೆಯಲ್ಲೂ ಆ ಮಾತು ನನಗೆ ಎಷ್ಟೋ ಸಲ ಒದಗಿದೆ.

ಅವರ ಹತ್ತಿರ ಕಲಿತವರಲ್ಲಿ ನರ್ಸುಗಳಿದ್ದರು, ಶಾಲಾ ಟೀಚರುಗಳಿದ್ದರು, ಮಿಲ್ ಮಾಲೀಕರ ಮನೆಯ ಸೊಸೆಯಂದಿರೂ ಇದ್ದರು. ಹೆಚ್ಚಿನವರು ನಲವತ್ತು ದಾಟಿದವರು. ಪಾಠಕ್ಕೆ ಬಂದದ್ದು ಮನೆಯಲ್ಲಿ ಗೊತ್ತಾಗದಿರಲಿ ಎನ್ನುತ್ತಿದ್ದವರೂ ಇದ್ದರು.

ನಮ್ಮಿಬ್ಬರ ನಡುವೆ ಬಿರುಕು ಬಿಟ್ಟದ್ದು ನಮ್ಮ ಬಡಾವಣೆಯ ಅಂಗಡಿ ಬೀದಿಯ ವಿಷಯಕ್ಕೆ. ಸೀರೆ ಅಂಗಡಿ, ಪಾತ್ರೆ ಅಂಗಡಿ, ಔಷಧಿ ಅಂಗಡಿ, ನಡುವೆ ಒಂದು ಹೆಣ್ಣುಮಕ್ಕಳ ಶಾಲೆ. ಕಾಲುದಾರಿಯ ಮೇಲೆಲ್ಲ ಕಾರುಗಳು ನಿಂತು, ನಡೆಯುವವರು ರಸ್ತೆಗಿಳಿಯಬೇಕು. ಸಂಜೆ ಹೊತ್ತು ಆ ಬೀದಿಗೆ ಕಾರು ಬಿಡಬಾರದೆಂಬ ಪಾಲಿಕೆಯ ಯೋಜನೆ ಬಂತು. ಬಸ್ಸು ಹಿಂದಿನ ರಸ್ತೆಯಲ್ಲಿ ಹೋಗುತ್ತದೆ, ಬೀದಿ ನಡೆಯುವವರಿಗೆ. ಬಂದದ್ದೇ ತಡ, ಊರು ಎರಡಾಯಿತು. ಅಂಗಡಿಗಳ ಮೇಲೆ ಕಪ್ಪು ಬಾವುಟ, ಶಾಲೆಯ ಗೋಡೆಯ ಮೇಲೆ ಮಕ್ಕಳು ಬರೆದ ಭಿತ್ತಿಪತ್ರ. ನಾನು ಶಾಲೆಯವರ ಕಡೆ. ಆ ಬೀದಿಯಲ್ಲಿ ನನ್ನ ಮಗಳ ಭುಜಕ್ಕೆ ಕಾರಿನ ಕನ್ನಡಿ ಬಡಿದಿತ್ತು, ಓಡಿಸುತ್ತಿದ್ದವನು ಗಾಜು ಇಳಿಸಿ ಅವಳನ್ನೇ ಬೈದಿದ್ದ.

ರಂಗಕ್ಕ ಅಂಗಡಿಯವರ ಕಡೆ. ಒಂದು ದಿನ ಅವರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ಅವರೇ ಮಾತೆತ್ತಿದರು.

"ಕಾರಿರೋರೆಲ್ಲ ಕೊಬ್ಬಿದೋರು ಅನ್ನೋ ಹಂಗೆ ಬರೀತಾರಲ್ಲ ಗೋಡೆ ಮೇಲೆ. ನನ್ ಹತ್ರ ಕಲಿಯೋ ಹುಡುಗೀರು ಬಸ್ಸಲ್ಲಿ ಏನೇನ್ ಅನುಭವಿಸಿ ಬಂದವ್ರೆ ಗೊತ್ತಾ ನಿಂಗೆ? ಈಗ ತಾನೆ ಕೈಗೆ ಒಂದು ವಂಡಿ, ಸ್ವಂತ ಕಾರು ಬಂತು. ಬಂದ ತಕ್ಷಣ ಇಳಿ ಅಂತಾರೆ."

"ನಡೆಯೋ ಹೆಂಗಸರೂ ಇದ್ದಾರಲ್ಲ ಅಕ್ಕಾ," ಎಂದೆ. "ಕಾರು ಇಲ್ಲದವರೇ ಹೆಚ್ಚು."

ಅವರು ತಳದಲ್ಲುಳಿದ ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. "ಇದ್ದಾರೆ," ಎಂದರು. "ಅವರ ಮಾತು ನೀನಾಡು. ಇವರ ಮಾತು ನಾನಾಡ್ತೀನಿ."

ಕಲ್ಯಾಣ ಮಂಟಪದಲ್ಲಿ ಪಾಲಿಕೆಯವರು ಕರೆದ ಮೊದಲ ಸಭೆಯಲ್ಲಿ ಹಾಗೇ ಆಯಿತು. ನಾನು ಎರಡು ಮಾತಾಡಿ ಕೂತೆ. ಅವರು ತಮಿಳಿನಲ್ಲಿ, ಒಂದು ಕೈ ಸೊಂಟದ ಮೇಲಿಟ್ಟು, ಜಾತ್ರೆಯಲ್ಲೂ ಕೇಳಿಸುವ ಗಂಟಲಿನಲ್ಲಿ ಮಾತಾಡಿದರು. ಮಂಡಿನೋವಿನ ತಾಯಿಯನ್ನು ಡಾಕ್ಟರ ಬಾಗಿಲಿಗೇ ಕರೆತರುವ ಮಗಳು ಇನ್ನು ಯಾರನ್ನು ಕೇಳಬೇಕು ಎಂದರು. ಅಂಗಡಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊರಗೆ ಬಂದಾಗ ನನ್ನ ಕೈ ಹಿಡಿದು, "ನಿನ್ ಮಾತೂ ಚೆನ್ನಾಗಿತ್ತು. ಗಂಟಲು ಸಾಲದು," ಎಂದರು. ನಮ್ಮ ಕಡೆಯವರು ಅದನ್ನು ನೋಡಿ ಮುಖ ತಿರುಗಿಸಿದರು.

ಅದಾಗಿ ಕೆಲವು ವಾರಕ್ಕೆ ಆ ಬೀದಿಯ ಮೂಲೆಯಲ್ಲಿ ಅಪಘಾತ ನಡೆಯಿತು.

ಬೆಳಿಗ್ಗೆ, ಅಂಗಡಿಗಳು ತೆರೆಯುವ ಮುಂಚೆ. ಓಡಿಸುತ್ತಿದ್ದವಳು ಜಯಂತಿ. ಬ್ಯಾಂಕಿನಲ್ಲಿ ಗುಮಾಸ್ತೆ, ಕಲಿಯಲು ಸೇರಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮೂಲೆಯಲ್ಲಿ ಪಳನಿಯಮ್ಮ ಎಂಬ ಹೂವಿನವಳು ಹಲಗೆಯ ಮೇಲೆ ಮಲ್ಲಿಗೆ ಹರವಿಕೊಂಡು ಕೂರುತ್ತಿದ್ದಳು. ರಂಗಕ್ಕ ಅವಳ ಹಳೆಯ ಗಿರಾಕಿ. ಕಾರು ನಿಲ್ಲಿಸಲು ಹೇಳಿ, ಕಿಟಕಿಯಿಂದ ಮೈ ಹೊರಚಾಚಿ ಹೂವು ಕೇಳುತ್ತಿದ್ದರು. ಹಿಂದಿನಿಂದ ಹಾಲಿನ ವ್ಯಾನು ಹಾರ್ನ್ ಹೊಡೆಯಿತು. ಜಯಂತಿ ಗಾಬರಿಯಾಗಿ ಬ್ರೇಕೆಂದುಕೊಂಡು ಆಕ್ಸಿಲರೇಟರ್ ತುಳಿದಳು. ಹೊರಕ್ಕೆ ವಾಲಿದ್ದ ರಂಗಕ್ಕನ ಕಾಲು ಆ ಕ್ಷಣ ತನ್ನ ಜಾಗದಲ್ಲಿರಲಿಲ್ಲ. ಕಾರು ಹಲಗೆಯ ಮೇಲೆ ಹತ್ತಿತು. ಪಳನಿಯಮ್ಮನ ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು.

ಪೊಲೀಸರು ಬಂದಾಗ ಜಯಂತಿ ಇನ್ನೂ ಸ್ಟೇರಿಂಗ್ ಹಿಡಿದೇ ಕೂತಿದ್ದಳಂತೆ. ರಂಗಕ್ಕ ಮುಂದೆ ಬಂದು, "ಅವಳು ಕಲಿಯೋಳು. ಕಲಿಸೋಳು ನಾನು. ಏನಿದ್ರೂ ನನ್ನ ಪೊರುಪ್ಪು," ಎಂದರು. ಹೊಣೆ ತನ್ನದು ಎಂದು. ಆಮೇಲೆ ಆಸ್ಪತ್ರೆಯಲ್ಲಿ ಪಳನಿಯಮ್ಮನ ಮಂಚದ ಪಕ್ಕದಲ್ಲೇ ಕೂತುಬಿಟ್ಟರು. ನಾನು ಹೋದಾಗ ಅವಳ ತಲೆ ಬಾಚುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಹಲಗೆಯ ಮೇಲೆ ಹತ್ತಿದ ಕಾರಿನ ಚಿತ್ರ ಮಧ್ಯಾಹ್ನದೊಳಗೆ ಎಲ್ಲರ ಫೋನಿನಲ್ಲಿತ್ತು. ಶಾಲೆಯವರ ಗುಂಪಿನಲ್ಲಿ, ಇನ್ನೇನು ಸಾಕ್ಷಿ ಬೇಕು ಎಂದು ಬರೆದರು. ಅಂಗಡಿಯವರ ಗುಂಪಿನಲ್ಲಿ, ತಪ್ಪು ಕಾರಿನದಲ್ಲ, ಅಡುಗೆಮನೆ ಬಿಟ್ಟು ಬಂದವರ ಕೈಗೆ ಸ್ಟೇರಿಂಗ್ ಕೊಟ್ಟವರದು ಎಂದರು. ಸಭೆಯಲ್ಲಿ ರಂಗಕ್ಕನಿಗಾಗಿ ಎದ್ದು ಚಪ್ಪಾಳೆ ತಟ್ಟಿದವರೂ ಅದಕ್ಕೆ ನಗುವ ಚಿಹ್ನೆ ಹಾಕಿದ್ದರು.

ಸೀರೆ ಅಂಗಡಿಯ ಯಜಮಾನರು ರಂಗಕ್ಕನ ಮನೆಗೇ ಬಂದು, ಇನ್ನೊಂದು ಸಭೆ ಇದೆ, ಆ ಹುಡುಗಿಗೆ ಓಡಿಸಲು ಬರುತ್ತಿರಲಿಲ್ಲ, ಬೇಡವೆಂದರೂ ಬೀದಿಗೆ ತಂದಳು ಎಂದು ಹೇಳಿಬಿಡಿ, ನಿಮ್ಮ ಹೆಸರೂ ಉಳಿಯುತ್ತದೆ, ನಮ್ಮ ಹೋರಾಟವೂ ಉಳಿಯುತ್ತದೆ ಎಂದು ಹೇಳಿಹೋದರು. ರಂಗಕ್ಕನಿಂದ ನಮ್ಮ ಪರವಾಗಿ ಮಾತಾಡಿಸಬೇಕೆಂದು ಶಾಲೆಯವರಿಂದ ನನ್ನ ಮೇಲೂ ಒತ್ತಾಯವಿತ್ತು. ಆಗುವುದಿಲ್ಲ ಎಂದಿದ್ದೆ. ಆದರೆ ರಂಗಕ್ಕ ತಾವೇ ಕೇಳಿದರು, "ನಿಮ್ಮೋರಿಗೆ ನಾನು ಏನ್ ಹೇಳಬೇಕಂತೆ?"

"ತಪ್ಪಾಯಿತು, ಬೀದಿ ಮುಚ್ಚಿ ಅನ್ನಬೇಕಂತೆ."

"ಪಳನಿಯಮ್ಮನ್ನ ಯಾರಾದ್ರೂ ಬಂದು ಕೇಳಿದ್ರಾ?" ಎಂದರು.

ಎರಡನೆಯ ಸಭೆಗೆ ಜನ ಹೊರಗೂ ನಿಂತಿದ್ದರು. ರಂಗಕ್ಕ ಎದ್ದಾಗ ಎರಡೂ ಕಡೆಯವರು ತಮ್ಮವರೆಂದೇ ಜಾಗ ಬಿಟ್ಟರು. ಸೊಂಟದ ಮೇಲೆ ಕೈಯಿರಲಿಲ್ಲ. ದನಿಯೂ ಸಣ್ಣಗಿತ್ತು, ಮೈಕು ಹತ್ತಿರ ತರಬೇಕಾಯಿತು.

"ಪಳನಿಯಮ್ಮನ ಕಾಲು ಮುರಿದೋಳು ನಾನು. ಬ್ರೇಕ್ ನನ್ ಕಾಲ ಕೆಳಗಿತ್ತು. ನನ್ ಗಮನ ಎಲ್ಲೋ ಇತ್ತು. ಆ ಹುಡುಗಿ ಹೆಸರು ಇಲ್ಲಿ ಯಾರೂ ಎತ್ತಬೇಡಿ. ಹೆಂಗಸರ ಕೈಗೆ ವಂಡಿ ಕೊಟ್ರೆ ಹಿಂಗೇ ಅಂತ ಬರೆದೋರು ಇಲ್ಲೇ ಕೂತವ್ರೆ. ನನ್ನ ಬೈಯಿರಿ. ನಾನು ಕಲಿಸಿದೋರನ್ನ ಬೈಬೇಡಿ."

ಸೀರೆ ಅಂಗಡಿಯ ಯಜಮಾನರು ನಡುವೆ ಬಾಯಿ ಹಾಕಿದರು. "ಅದಿರಲಿ ಅಮ್ಮಾ, ಬೀದಿ ಮುಚ್ಚಬೇಕೋ ಬೇಡವೋ, ಅದನ್ನ ಹೇಳಿ."

"ಆಸ್ಪತ್ರೇಲಿ ಅವಳನ್ನ ಕೇಳಿದೆ," ಎಂದರು ರಂಗಕ್ಕ. ನಮ್ಮ ಕಡೆಯವರು ಮುಂದಕ್ಕೆ ಬಾಗಿದರು. "ಕಾರು ನಿಂತೋದ್ರೆ ನನ್ ಹೂವು ಯಾರು ತಗೋತಾರೆ ಅಂತ ಅಳ್ತಾಳೆ. ಅವಳ ಹತ್ರ ಕೊಳ್ಳೋರೆಲ್ಲ ಕಿಟಕಿಯಿಂದ ಕೈ ಚಾಚೋರೇ. ಕಾಲು ಮುರ್ಕೊಂಡೋಳು ಮುಚ್ಚಬೇಡಿ ಅಂತಾಳೆ. ಮುರಿದ ನಂಗೆ ಮುಚ್ಚೋದೇ ಸರಿ ಅಂತ ಈಗ ಅನ್ನಿಸ್ತದೆ. ಏನ್ ಮಾಡ್ತೀರೋ ಮಾಡಿ. ಮುಚ್ಚೋದಾದ್ರೆ ಎಲ್ಲರಿಗೂ ಮುಚ್ಚಿ, ಅವಳಿಗೊಂದು ನೆರಳಿರೋ ಜಾಗ ಕೊಡಿ. ನಮ್ಮಿಬ್ಬರ ಹೆಸರು ಹೇಳ್ಕೊಂಡು ಮುಚ್ಚಲೂಬೇಡಿ, ತೆರೆಯಲೂಬೇಡಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಕೆಳಗಿಳಿದು ಬರುವಾಗ, ಆಗ ಜಾಗ ಬಿಟ್ಟವರೇ ಈಗ ಮೊಣಕಾಲು ಕೂಡ ಸರಿಸಲಿಲ್ಲ.

ಸಂಜೆಯ ನಿರ್ಬಂಧ ಜಾರಿಗೆ ಬಂತು. ಮಕ್ಕಳು ಬೀದಿಯ ನಡುವೆ ನಡೆದರು, ನನ್ನ ಮಗಳೂ. ಕೆಲವು ಅಂಗಡಿಗಳ ವ್ಯಾಪಾರ ಇಳಿಯಿತು, ಕೆಲವರದು ಏರಿತು, ಜಗಳ ಮಾತ್ರ ಈವರೆಗೂ ಮುಗಿದಿಲ್ಲ. ಪಳನಿಯಮ್ಮ ಊರುಗೋಲು ಹಿಡಿದು ಬಂದು ಬೇವಿನ ಮರದ ಕೆಳಗೆ ಕೂತಳು. ಹೂವು ಮುಂಚಿನಷ್ಟು ಹೋಗುತ್ತಿರಲಿಲ್ಲ.

ರಂಗಕ್ಕ ಪಾಠ ನಿಲ್ಲಿಸಿದರು. ಬಂದು ಕೇಳಿಕೊಂಡವರಿಗೆಲ್ಲ, "ನನ್ ಕಾಲ್ ಮೇಲೆ ನಂಗೆ ನಂಬಿಕೆ ಹೋಗೈತೆ ಕಣ್ಣು," ಎನ್ನುತ್ತಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಒಂದೇ, ಜಯಂತಿಯನ್ನು ಮತ್ತೆ ಸ್ಟೇರಿಂಗ್ ಮುಂದೆ ಕೂರಿಸುವುದು. ಇನ್ಯಾರ ಹತ್ತಿರವಾದರೂ ಸರಿ, ಅವಳು ಕಲಿಯಬೇಕು. ಅವಳ ಮನೆಗೆ ಹಲವು ಸಲ ಹೋಗಿಬಂದರು. ಪ್ರತಿ ಸಲವೂ ಅವಳ ಗಂಡ ಬಾಗಿಲಲ್ಲೇ ನಿಂತು ಮನೆಯಲ್ಲಿಲ್ಲ ಎನ್ನುತ್ತಿದ್ದ.

ನಾನು ಅವರನ್ನು ಕಡೆಯ ಸಲ ನೋಡಿದ್ದು ಬೇವಿನ ಮರದ ಕೆಳಗೆ. ಪಳನಿಯಮ್ಮನ ಪಕ್ಕ ಕೂತು, ಹೂವು ಕಟ್ಟಲು ಬಾರದ ಬೆರಳುಗಳಲ್ಲಿ ಕಟ್ಟುತ್ತಿದ್ದರು. ನನ್ನ ಮಗಳು ಸೈಕಲ್ಲಿನಲ್ಲಿ ಸುತ್ತು ಹಾಕುತ್ತಿದ್ದಳು.

"ನಿನ್ ಮಗಳು ಹೆದರದೆ ಓಡಿಸ್ತಾಳೆ," ಎಂದರು. ಆಮೇಲೆ, "ಜಯಂತಿ ಎಲ್ಲಾದ್ರೂ ಸಿಕ್ಕಿದ್ಲಾ?"

"ಇಲ್ಲ ಅಕ್ಕಾ."

"ಸಿಕ್ಕಿದ್ರೆ ಅವಳಿಗೆ ಹೇಳು," ಎಂದು ಹೂವಿನ ಕಡೆ ತಿರುಗಿದರು. ಏನು ಹೇಳಬೇಕೆಂದು ಹೇಳಲಿಲ್ಲ.

ಮಳೆಗಾಲದಲ್ಲಿ ಅಣ್ಣನ ಮನೆಗೆಂದು ಉಡುಮಲೈಗೆ ಹೋದವರು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ತಿಳಿದ ಬೆಳಿಗ್ಗೆಯೇ ನಾನೊಬ್ಬಳೇ ಕಾರಿನಲ್ಲಿ ಹೊರಟೆ. ಅಣ್ಣನ ತೆಂಗಿನ ತೋಟದ ದಾರಿಯಲ್ಲಿ ಕಾರುಗಳು ನಿಂತಿದ್ದವು, ಅವರ ಹತ್ತಿರ ಕಲಿತ ಹೆಂಗಸರೇ ಓಡಿಸಿಕೊಂಡು ಬಂದವು. ಜಯಂತಿಯೂ ಬಂದಿದ್ದಳು, ಬಸ್ಸಿನಲ್ಲಿ. ಎಲ್ಲರಿಗಿಂತ ಹಿಂದೆ, ತೋಟದ ಪಂಪ್‌ಸೆಟ್ ಮನೆಯ ಗೋಡೆಗೆ ಒರಗಿ ನಿಂತಿದ್ದಳು.

ಎಲ್ಲ ಮುಗಿದ ಮೇಲೆ ನನ್ನ ಜೊತೆ ಬಾ ಎಂದು ಕರೆದೆ. ಮುಂದಿನ ಬಾಗಿಲು ತೆಗೆದರೂ ಅವಳು ಹಿಂದೆ ಕೂತಳು. ಪೊಳ್ಳಾಚಿ ದಾಟಿದ ಮೇಲೆ ಟೀ ಕುಡಿಯಲು ಒಂದು ಕಡೆ ನಿಲ್ಲಿಸಿ ಎಂಜಿನ್ ಆರಿಸಿದೆ. ಅವಳು ಇಳಿಯಲಿಲ್ಲ.

"ಅವರು ಮನೆಗೆ ಬಂದಾಗಲೆಲ್ಲ ನಾನು ಒಳಗೇ ಇರ್ತಿದ್ದೆ," ಎಂದು ತಮಿಳಿನಲ್ಲಿ ಹೇಳಿದಳು. "ಅಡುಗೆಮನೇಲಿ. ಅವರು ಹೇಳೋದೆಲ್ಲ ಕೇಳಿಸ್ತಿತ್ತು. ಪರವಾಗಿಲ್ಲ ಸಾರ್, ಅವಳು ಬಂದಮೇಲೆ ರಂಗಕ್ಕ ಬಂದಿದ್ಲು ಅಂತ ಹೇಳಿ ಅಂತಿದ್ರು. ನಾನು ಒಳಗಿರೋದು ಅವರಿಗೆ ಗೊತ್ತಿತ್ತು ಅನ್ಸುತ್ತೆ. ಯಾಕಂದ್ರೆ ಸ್ವಲ್ಪ ಗಟ್ಟಿಯಾಗೇ ಹೇಳ್ತಿದ್ರು."

ನಾನು ಹಿಂತಿರುಗಿ ನೋಡಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಟೀ ಅಂಗಡಿಯವನು ಎರಡು ಲೋಟ ಹಿಡಿದು ಬಂದು, ಯಾರೂ ಕೈ ಚಾಚದ್ದು ಕಂಡು, ಅವನ್ನು ಬಾನೆಟ್ಟಿನ ಮೇಲಿಟ್ಟು ಹೋದ.